ಹೊಟ್ಟೆ ಸೀಳಿದ ಬಾರ್ ಸ್ಟೂಲು

ಮೊನ್ನೆ ಮೊಬೈಲಿಗೆ ಹೊಸ ಗಾಜು ಹಾಕಿಸಲು ಅಂಗಡಿಯೊಂದಕ್ಕೆ ಹೋಗಿದ್ದೆ. ‘ಕೂತ್ಕೊಳ್ಳಿ ಅಂಕಲ್’ ಎಂದು ಅಲ್ಲಿದ್ದ ಹುಡುಗಿ ಒಂದು ಬಾರ್ ಸ್ಟೂಲನ್ನು ತೋರಿಸಿದಳು. ಕೂರುವುದು ಎಂದರೆ ಇಳಿಯುವ ಕೆಲಸ ಎಂದು ನಂಬಿಕೊಂಡು ಬಂದವನು ನಾನು. ಇದನ್ನು ಹತ್ತಬೇಕು. ಕೆಳಗಿನ ಕಬ್ಬಿಣದ ಬಳೆಯ ಮೇಲೆ ಒಂದು ಕಾಲಿಟ್ಟು, ಕೌಂಟರನ್ನು ತಬ್ಬಿ, ಸೊಂಟವನ್ನು ಒಮ್ಮೆ ಗಾಳಿಯಲ್ಲಿ ತೇಲಿಸಿ, ಅದು ಸರಿಯಾದ ಜಾಗದಲ್ಲೇ ಬಂದು ಬೀಳಲಿ ಎಂದು ಮನೆದೇವರನ್ನು ನೆನೆಯಬೇಕು. ನಾನು ಐದಡಿಗೆ ಒಂದಿಂಚು ಕಡಿಮೆ ಇರುವ ಆಸಾಮಿ. ಅಂಗಡಿಯಲ್ಲಿದ್ದವರೆಲ್ಲ ಮೊಬೈಲು ಬಿಟ್ಟು ನನ್ನನ್ನೇ ನೋಡತೊಡಗಿದರು.

ಹತ್ತಿ ಕೂತ ಮೇಲೆ ಮಾತ್ರ ಪರಮ ಸುಖವಾಯಿತು. ಪಕ್ಕದ ಸ್ಟೂಲಿನಲ್ಲಿ ಆರಡಿಯ ಆಳೊಬ್ಬ ಕೂತಿದ್ದ. ಅವನ ಕಾಲೂ ನೆಲಕ್ಕೆ ತಾಗಿರಲಿಲ್ಲ! ಬೇರೆ ಕುರ್ಚಿಗಳಲ್ಲಿ ಕಾಲು ಜೋತಾಡಿಸಿಕೊಂಡು ಕೂರುವವನು ನಾನೊಬ್ಬನೇ. ಬಾರ್ ಸ್ಟೂಲಿನ ಮೇಲೆ ಎಲ್ಲರೂ ಕುಳ್ಳರೇ. ಇಷ್ಟು ದೊಡ್ಡ ಸಮಾನತೆಯನ್ನು ಕಂಡುಹಿಡಿದವರು ಅದನ್ನು ಕುಡಿಯುವವರಿಗೆ ಮಾತ್ರ ಯಾಕೆ ಕೊಟ್ಟರೋ ತಿಳಿಯದು.

ಅದರ ಮಾಟವನ್ನು ನೀವು ಗಮನಿಸಿರಬಹುದು. ರೊಟ್ಟಿಯಷ್ಟು ಅಗಲದ ಕೂರುವ ಜಾಗ, ಕೆಳಗೆ ಒಂದೇ ಕಂಬ, ಕಾಲಿಡಲು ಒಂದು ಬಳೆ. ಒರಗಲು ಬೆನ್ನಿಲ್ಲ, ಹಿಡಿಯಲು ಕೈಯಿಲ್ಲ. ನೆಟ್ಟಗಿರುವವರೇ ಅದರ ಮೇಲೆ ಕೂರುವುದು ಕಷ್ಟ. ಹಾಗಿರುವಾಗ ಕುಡಿದವರನ್ನು ಅಲ್ಲಿ ಕೂರಿಸುವವರ ಧೈರ್ಯವನ್ನು ಮೆಚ್ಚಬೇಕು.

ನಮ್ಮ ಮನೆಯಲ್ಲಿ ಕೂರುವ ಸಾಮಾನು ಎಂದರೆ ಮಣೆ. ನೆಲದಿಂದ ಎರಡು ಬೆರಳು ಎತ್ತರ. ಮಣೆಯಿಂದ ಬಿದ್ದು ಕಾಲು ಮುರಿದುಕೊಂಡವರನ್ನು ನಾನು ಕೇಳಿಲ್ಲ. ಮನೆಗೆ ಮೊದಲ ಕುರ್ಚಿ ಬಂದಾಗ ನಮ್ಮ ಅಜ್ಜಿ ಅದರ ಮೇಲೂ ಚಕ್ಕಳಮಕ್ಕಳ ಹಾಕಿಕೊಂಡೇ ಕೂತಳು. ಕಾಲು ಇಳಿಬಿಟ್ಟು ಕೂರುವುದು ಬಾವಿಯ ಕಟ್ಟೆಯ ಮೇಲೆ ಮಾತ್ರ ಎಂಬುದು ಅವಳ ವಾದ. ಒಮ್ಮೆ ಹಲ್ಲಿನ ಡಾಕ್ಟರ ದೊಡ್ಡ ಕುರ್ಚಿಯಲ್ಲೂ ಹಾಗೇ ಕೂತುಬಿಟ್ಟಳು. ಡಾಕ್ಟರು ಎರಡು ಸಲ ಹೇಳಿ ನೋಡಿ, ಸೋತು, ಹಾಗೇ ಹಲ್ಲು ಕಿತ್ತರು. ಇಂಥ ಅಜ್ಜಿಯ ಮೊಮ್ಮಗನಾದ ನಾನು ಬಾರ್ ಸ್ಟೂಲು ಮಾಡಲು ಹೋದದ್ದು ವಂಶದಲ್ಲೇ ಇಲ್ಲದ ಉಸಾಬರಿ.

ಹೌದು, ಮಾಡಿದ್ದೇನೆ. ದಾವಣಗೆರೆ ಹರಿಹರದ ಮಟ್ಟಿಗೆ ಬಾರ್ ಸ್ಟೂಲು ಮಾಡಿದ ಮೊದಲಿಗ ನಾನೇ ಎಂದು ಹೇಳಿಕೊಂಡು ತಿರುಗುತ್ತಿರುತ್ತೇನೆ. ಅಲ್ಲ ಎಂದು ಯಾರೂ ಇದುವರೆಗೆ ಜಗಳಕ್ಕೆ ಬಂದಿಲ್ಲ. ಆ ಪದವಿ ಬೇರೆ ಯಾರಿಗೂ ಬೇಕಾಗಿಲ್ಲ ಎನ್ನುವುದು ಬೇರೆ ಮಾತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ದಾವಣಗೆರೆಯಿಂದ ದಿನಾ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ, ಖಾದರ್ ಸಾಬರ ಲೇತ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದೆ. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಪಂಪಿನ ಶಾಫ್ಟು, ಗಿರಣಿಯ ಬುಷ್ಷು, ಒತ್ತುವ ಪ್ರೆಸ್ಸಿನ ತಿರುಪು, ಇಂಥವು ಅಲ್ಲಿನ ಕೆಲಸ. ನಾನು ಮಾತ್ರ ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ‘ಡಿಸೈನರ್’ ಎಂದು ಹೇಳಿಕೊಳ್ಳುತ್ತಿದ್ದೆ. ಅಷ್ಟರವರೆಗೆ ನಾನು ಡಿಸೈನ್ ಮಾಡಿದ್ದು ಚಾಚಾರ ಟಿಫಿನ್ ಡಬ್ಬಿ ನೇತುಹಾಕುವ ಕೊಕ್ಕೆ ಒಂದೇ. ಅದೂ ವಾರಕ್ಕೊಮ್ಮೆ ಬೀಳುತ್ತಿತ್ತು.

ಮನೆಯಲ್ಲಿ ಇದಕ್ಕೆ ಒಪ್ಪಿಗೆ ಇರಲಿಲ್ಲ. ನನ್ನ ಸೋದರಮಾವ ಶಿವಮೂರ್ತೆಪ್ಪನವರಿಗೆ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಇತ್ತು, ಅದರ ಮುಂದೆಯೇ ಅಂಗಡಿ. ಮಾವ ಆರಡಿ ಎತ್ತರ, ಎತ್ತರಕ್ಕೆ ತಕ್ಕ ಗಾತ್ರ. ಆದರೆ ಮಂಡಿ ಕೈಕೊಟ್ಟಿತ್ತು. ಮಡಚಿದರೆ ಬಿಚ್ಚುತ್ತಿರಲಿಲ್ಲ. ಒಮ್ಮೆ ಕೂತರೆಂದರೆ ಎಬ್ಬಿಸಲು ನಾಲ್ಕು ಜನ ಬೇಕು, ಎಬ್ಬಿಸುವಾಗ ಅವರು ಕೂಗುವ ಕೂಗಿಗೆ ಬೀದಿಯ ನಾಯಿಗಳೆಲ್ಲ ಜಮಾಯಿಸುತ್ತಿದ್ದವು. ಅದಕ್ಕೇ ಮಾವ ಕೂರುವುದನ್ನೇ ಬಿಟ್ಟಿದ್ದರು. ಬೆಳಗಿನಿಂದ ಸಂಜೆಯವರೆಗೂ ಅಂಗಡಿಯಲ್ಲಿ ನಿಂತೇ ವ್ಯಾಪಾರ. ಬಸ್ಸು ಖಾಲಿ ಇದ್ದರೂ ಕಂಬ ಹಿಡಿದು ನಿಲ್ಲುತ್ತಿದ್ದರು. ದಾವಣಗೆರೆಗೆ ಬಫೆ ಊಟ ಬರುವ ಎಷ್ಟೋ ಮೊದಲೇ ಮದುವೆ ಮನೆಗಳಲ್ಲಿ ತಟ್ಟೆ ಹಿಡಿದು ಗೋಡೆಗೆ ನಿಂತು ಊಟ ಮಾಡಿದ ಧೀಮಂತರು ಅವರು.

‘ಲೇ ಕುಳ್ಳ, ಹರಿಹರದಾಗೆ ಕಬ್ಬಿಣ ಕೆರಕಂತ ಎಷ್ಟು ದಿನ ಇರ್ತೀಯ? ಅಂಗಡ್ಯಾಗೆ ಬಂದು ಕೂಡ್ರು’ ಎನ್ನುವುದು ಮಾವನ ಒಂದೇ ಪಲ್ಲವಿ. ಅವ್ವ ಅದಕ್ಕೆ ತಾಳ. ನನಗೋ ಮಂಡಕ್ಕಿ ಭಟ್ಟಿ ಎಂದರೆ ಮೈಯೆಲ್ಲ ಉರಿ. ಚಿಕ್ಕಂದಿನಲ್ಲಿ ಬೇಸಿಗೆ ರಜೆಯಲ್ಲಿ ಅಲ್ಲಿ ಕೂತು, ತಲೆಯಲ್ಲಿ ಹೊಟ್ಟು, ಅಂಗಿಯೊಳಗೆ ಮಂಡಕ್ಕಿ, ಕಣ್ಣಲ್ಲಿ ಹೊಗೆ ತುಂಬಿಕೊಂಡು ಮನೆಗೆ ಬರುತ್ತಿದ್ದೆ. ಅಂಗಿ ಕೊಡವಿದರೆ ಒಬ್ಬರ ಖಾರಮಂಡಕ್ಕಿಗೆ ಆಗುವಷ್ಟು ಉದುರುತ್ತಿತ್ತು. ‘ಸತ್ರೂ ಅಲ್ಲಿ ಕೂಡ್ರಾಕಿಲ್ಲ’ ಎಂದು ಅವ್ವನ ಮುಂದೆ ಹಠ ಹಿಡಿದಿದ್ದೆ.

ಇಂಥ ಹೊತ್ತಿಗೆ ಬಂದವರು ಕೊಟ್ರೇಶಪ್ಪ. ಮಾವನ ಗೆಳೆಯರು, ಬೆಣ್ಣೆದೋಸೆ ಹೋಟೆಲಿನವರು. ಹೋಟೆಲಿನ ಪಕ್ಕದಲ್ಲಿ ಕಾಲೇಜು ಹುಡುಗರಿಗಾಗಿ ಐಸ್‌ಕ್ರೀಂ ಪಾರ್ಲರು ತೆರೆಯುವ ಹುಕಿ ಅವರಿಗೆ. ಜೇಬಿನಲ್ಲಿ ವಿಭೂತಿ ಪೊಟ್ಟಣದ ಜೊತೆ ಮಡಚಿಟ್ಟಿದ್ದ ಇಂಗ್ಲಿಷ್ ಪತ್ರಿಕೆಯ ಹಾಳೆಯೊಂದನ್ನು ತೆಗೆದು ಬಿಚ್ಚಿದರು. ವಿಭೂತಿ ಉದುರಿತು, ಒಳಗೆ ಬಾರ್ ಸ್ಟೂಲು ಕಂಡಿತು.

‘ಇಂಥವು ಆರು ಬೇಕು ನೋಡಪಾ. ಮಾಡ್ತೀಯೇನು?’

‘ಇದನ್ನ ಎತ್ತರಿಸಾಕೂ ಇಳಿಸಾಕೂ ಬರೋಹಂಗೆ ಮಾಡಿಕೊಡ್ತೀನಿ’ ಎಂದೆ. ಕೇಳದೇ ಇದ್ದದ್ದನ್ನು ಕೊಡುವುದು ನನ್ನ ಹಳೆಯ ಚಾಳಿ. ನಡುವಿನ ಕಂಬಕ್ಕೆ ಒಂದು ತಿರುಪು ಕೂರಿಸಿ, ಸೀಟನ್ನು ತಿರುಗಿಸಿದರೆ ಏರುವ ಇಳಿಯುವ ಹಾಗೆ ಚಿತ್ರ ಬರೆದೆ. ಕುಳ್ಳರಿಗೂ ನ್ಯಾಯ ಸಿಗಬೇಕಲ್ಲ.

ಸುದ್ದಿ ಮಾವನಿಗೆ ಮುಟ್ಟಿತು. ಅವರು ಅವ್ವನ ಎದುರಿಗೇ ಷರತ್ತು ಹಾಕಿದರು. ‘ಆತು. ಪಾರ್ಲರ್ ಓಪನಿಂಗ್‌ಗೆ ನಾನೇ ಟೇಪು ಕತ್ತರಸಾದು. ಅವತ್ತು ಇವನ ಸ್ಟೂಲು ನಾಕು ಮಂದಿ ಮುಂದೆ ಮರ್ಯಾದಿ ಉಳಿಸಿದ್ರೆ ಹರಿಹರದಾಗೇ ಇರ್ಲಿ. ಇಲ್ಲಂದ್ರೆ ಮರುದಿನ ಮುಂಜಾನಿ ಅಂಗಡ್ಯಾಗೆ ಬಂದು ಕೂಡ್ರಬೇಕು.’

ಅವ್ವ ಕೇಳಿದಳು: ‘ಏನ್ ಸ್ಟೂಲಲೇ ಅದು?’

‘ಬಾರ್ ಸ್ಟೂಲು’ ಎಂದುಬಿಟ್ಟೆ.

ಅವ್ವನ ಮುಖ ನೋಡಿದ ಮೇಲೆ ತಪ್ಪು ಗೊತ್ತಾಯಿತು. ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದ ಮನೆ ನಮ್ಮದು. ‘ಬಾರಾ? ಕುಡಿಯೋರು ಕುಂತ್ಕಣಾ ಮಣೆನಾ ನೀ ಮಾಡಾದು?’ ಎಂದು ಅವಳು ಸೆರಗು ಬಾಯಿಗೆ ಒತ್ತಿಕೊಳ್ಳುವ ಮೊದಲೇ ನನ್ನ ನಾಲಿಗೆ ಹೊರಳಿತು. ‘ಅಯ್ಯೋ, ಆ ಬಾರಲ್ಲವ್ವ. ಭಾರ! ಭಾರದ ಸ್ಟೂಲು. ತೂಕ ತಡೀತತಲ್ಲ, ಅದು.’

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮಹಾಪ್ರಾಣಕ್ಕೆ ಪ್ರಾಣವೇ ಇಲ್ಲ. ಬರೆಯುವಾಗ ಹೊಟ್ಟೆ ಸೀಳುತ್ತೇವೆ, ಆಡುವಾಗ ಹೊಲಿದುಬಿಡುತ್ತೇವೆ. ಶಾಲೆಯಲ್ಲಿ ಮೇಷ್ಟ್ರು ಉಕ್ತಲೇಖನ ಕೊಡುವಾಗ ‘ಬಾರತ’ ಎಂದೇ ಹೇಳುತ್ತಿದ್ದರು. ನಾವು ‘ಬಾರತ’ ಎಂದು ಬರೆದರೆ ‘ಹೊಟ್ಟೆ ಸೀಳಲೇ!’ ಎಂದು ನಮ್ಮ ಹೊಟ್ಟೆಗೇ ಚಿವುಟುತ್ತಿದ್ದರು. ಹೀಗಾಗಿ ಬಾರನ್ನು ಭಾರ ಮಾಡುವುದು ನನಗೆ ಕಷ್ಟವಾಗಲಿಲ್ಲ. ಅವ್ವ ಸಮಾಧಾನವಾಗಿ ಒಳಗೆ ಹೋದಳು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮರುದಿನ ಚಾಚಾ ಚಿತ್ರ ನೋಡಿ, ಕನ್ನಡಕ ಹಣೆಗೇರಿಸಿ, ‘ಇದೇನು ಬೇಟಾ, ಬಾರ್ ಇಸ್ಟೂಲ್ ಅಂದ್ರೆ?’ ಎಂದು ಕೇಳಿದರು. ಐದು ಹೊತ್ತು ನಮಾಜು ಮಾಡುವ ಮನುಷ್ಯ. ಬಾರು ಇರುವ ಬೀದಿಯನ್ನೇ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗುವವರು. ಅವರ ಕೈಯಲ್ಲಿ ಇಂಥದ್ದನ್ನು ಮಾಡಿಸುತ್ತಿದ್ದೇನೆ ಎಂದು ಹೇಳಲು ನನಗೆ ನಾಚಿಕೆಯಾಯಿತು. ಐಸ್‌ಕ್ರೀಮಿಗೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೊಳೆಯಲಿಲ್ಲ. ಅವ್ವನಿಗೆ ಹೇಳಿದ್ದು ಬಾಯಲ್ಲಿ ಸಿದ್ಧವಾಗಿತ್ತು.

‘ಭಾರ ಚಾಚಾ, ಭಾರ. ಭಾರದ ಸ್ಟೂಲು’ ಎಂದೆ.

‘ಹಾಂ... ಭಾರ!’ ಚಾಚಾರ ಮುಖ ಅರಳಿತು. ‘ಹಂಗಂದ್ರೆ ತಿಳೀತು ಬಿಡು. ಕೆಲಸ ನನಗೆ ಬಿಡು.’

ಅವರಿಗೆ ತಿಳಿದದ್ದು ಏನು ಎಂದು ನಾನು ಕೇಳಲಿಲ್ಲ. ದೊಡ್ಡ ಡಿಸೈನರುಗಳು ಕೆಲಸಗಾರರನ್ನು ಪದೇ ಪದೇ ಕೇಳಬಾರದು ಎಂದು ಅಂದುಕೊಂಡಿದ್ದೆ. ಹದಿನೈದು ದಿನಕ್ಕೆ ಆರು ಸ್ಟೂಲು ತಯಾರಾದವು. ಮೇಲೆ ಕೆಂಪು ರೆಕ್ಸಿನ್, ಕೆಳಗೆ ಬೆಳ್ಳಿ ಬಣ್ಣದ ಪೇಂಟು, ತಿರುಪಿಗೆ ದಂಡಿಯಾಗಿ ಗ್ರೀಸು. ತಿರುಪಿನ ಗೆರೆಗಳು ಯಾಕೋ ತುಂಬ ಓರೆಯಾಗಿ, ಬಿಟ್ಟು ಬಿಟ್ಟು ಇದ್ದ ಹಾಗೆ ಕಂಡವು. ಇರಲಿ, ನೋಡಲು ಚೆಂದ ಎಂದುಕೊಂಡೆ. ಆರನ್ನೂ ಒಂದೊಂದಾಗಿ ಹತ್ತಿ ಕೂತು ಪರೀಕ್ಷೆ ಮಾಡಿದೆ. ಒಂದೂ ಅಲುಗಲಿಲ್ಲ. ನಾನಿದ್ದದ್ದು ನಲವತ್ತೆರಡು ಕೆಜಿ. ನಾನು ಕೂತರೆ ಕುರ್ಚಿಗೇ ಗೊತ್ತಾಗುತ್ತಿರಲಿಲ್ಲ.

ಅವನ್ನು ಬಸ್ಸಿನಲ್ಲಿ ದಾವಣಗೆರೆಗೆ ಸಾಗಿಸಿದ್ದೇ ಒಂದು ಪುರಾಣ. ಕಂಡಕ್ಟರು ಆರನ್ನೂ ನೋಡಿ, ‘ಇವು ಕುಂತಾವೋ ನಿಂತಾವೋ?’ ಎಂದು ಕೇಳಿದ. ನಿಂತಾವೆ ಎಂದೆ. ‘ಹಂಗಾರೆ ಹಿಂದಕ ನಿಲ್ಸು, ಮುಂದೆ ಹೆಣ್ಮಕ್ಕಳು ಅದಾರೆ’ ಎಂದ.

ಓಪನಿಂಗಿಗೆ ಬೀದಿಯೆಲ್ಲ ಸೇರಿತ್ತು. ಅವ್ವ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ನನ್ನ ಒತ್ತಾಯಕ್ಕೆ ಚಾಚಾ ಹರಿಹರದಿಂದ ಇಸ್ತ್ರಿ ಮಾಡಿದ ಜುಬ್ಬ ತೊಟ್ಟು ಬಂದಿದ್ದರು. ಮಾವ ಬಿಳಿ ಪಂಚೆ, ಹೆಗಲಿಗೆ ಟವೆಲು, ಹಣೆ ತುಂಬ ವಿಭೂತಿ. ಟೇಪು ಕತ್ತರಿಸಿದರು. ಕೊಟ್ರೇಶಪ್ಪ, ‘ಶಿವಮೂರ್ತೆಪ್ನೋರೇ, ಮೊದಲ್ನೇ ಐಸ್‌ಕ್ರೀಮು ನಿಮ್ದೇ, ಕೂಡ್ರಿ’ ಎಂದರು.

‘ನಾ ಎಲ್ಲಿ ಕೂಡ್ರಲೋ ಮಾರಾಯ’ ಎಂದರು ಮಾವ. ಆದರೆ ಸ್ಟೂಲಿನ ಎತ್ತರ ನೋಡಿ ಅವರ ಕಣ್ಣು ಅರಳಿತು. ಅದು ಅವರ ಸೊಂಟದ ಮಟ್ಟಕ್ಕೇ ಇತ್ತು. ಮಂಡಿ ಮಡಚುವ ಪ್ರಶ್ನೆಯೇ ಇಲ್ಲ. ನಿಂತ ಹಾಗೇ ಹಿಂದಕ್ಕೆ ಸರಿದು ಒರಗಿದರೆ ಸಾಕು, ಕೂತ ಹಾಗೆ. ಮಾವ ಸರಿದರು, ಒರಗಿದರು, ಬಳೆಯ ಮೇಲೆ ಕಾಲಿಟ್ಟರು. ಕೂತರು.

ಎರಡು ಕ್ಷಣ ಏನೂ ಆಗಲಿಲ್ಲ. ನಾನು ಅವ್ವನ ಕಡೆ ನೋಡಿ ಮೀಸೆ ಇಲ್ಲದ ಜಾಗವನ್ನು ತಿರುವಿದೆ.

ಆಮೇಲೆ ಮಾವ ನಿಧಾನಕ್ಕೆ ಬಲಕ್ಕೆ ತಿರುಗತೊಡಗಿದರು. ಅವರು ತಿರುಗುತ್ತಿರಲಿಲ್ಲ, ಸ್ಟೂಲು ಅವರನ್ನು ತಿರುಗಿಸುತ್ತಿತ್ತು. ಮುಖ ಬೀದಿಯ ಕಡೆಗೆ ಬಂತು. ಎದುರಿಗೆ ಜನ. ಹಿರಿಯರಾದ ಮೇಲೆ ಏನು ಮಾಡುತ್ತಾರೆ? ಕೈ ಮುಗಿದರು. ಜನರೂ ಮುಗಿದರು. ಸ್ಟೂಲು ಮುಂದಕ್ಕೆ ತಿರುಗಿತು. ಮಾವ ಗೋಡೆಯ ಮೇಲಿನ ದೇವರ ಫೋಟೋಕ್ಕೆ ಕೈ ಮುಗಿದರು. ಮತ್ತೆ ತಿರುಗಿತು. ಫ್ರಿಜ್ಜಿಗೆ ಮುಗಿದರು. ಮತ್ತೆ ಬೀದಿ. ಈ ಸಲ ಅವರು ನಾಲ್ಕು ಬೆರಳು ಕೆಳಗಿದ್ದರು.

‘ಕರೆಂಟಿಂದೇನ್ರಿ ಇದು?’ ಎಂದು ಹಿಂದಿನಿಂದ ಯಾರೋ ಕೇಳಿದರು.

‘ಇಲ್ರಿ, ಕಂಪ್ಯೂಟರು’ ಎಂದು ಇನ್ನೊಬ್ಬರು ತಿಳಿಸಿಕೊಟ್ಟರು. ಆ ಕಾಲದಲ್ಲಿ ಅರ್ಥವಾಗದ್ದೆಲ್ಲ ಕಂಪ್ಯೂಟರೇ.

‘ನಿಮ್ಮ ಮಾವ ಎಲ್ಲಿಗೆ ಹೊಂಟಾರಪಾ?’ ಎಂದು ಕೊಟ್ರೇಶಪ್ಪ ನನ್ನ ಕಿವಿಯಲ್ಲಿ ಕೇಳಿದರು. ನಾನು ಎಲ್ಲಿಗೆ ಹೊರಟಿದ್ದೇನೆ ಎಂಬುದು ನನಗೆ ಅಷ್ಟರಲ್ಲಿ ಖಚಿತವಾಗಿತ್ತು. ಮರುದಿನದ ಹೊಟ್ಟು ತಲೆಯಲ್ಲಿ ಈಗಲೇ ಕಡಿಯತೊಡಗಿತು.

ನಾಲ್ಕು ಸುತ್ತಿಗೆ ಸ್ಟೂಲು ತಳ ಮುಟ್ಟಿ ನಿಂತಿತು. ಮಾವ ಈಗ ಮಾಮೂಲಿ ಕುರ್ಚಿಯ ಮಟ್ಟದಲ್ಲಿ, ಎರಡೂ ಮಂಡಿ ಮಡಚಿಕೊಂಡು, ಮುಗಿದ ಕೈ ಹಾಗೇ ಇಟ್ಟುಕೊಂಡು ಕೂತಿದ್ದರು. ಕೌಂಟರಿನ ಆಚೆಯಿಂದ ಅವರ ವಿಭೂತಿ ಮಾತ್ರ ಕಾಣುತ್ತಿತ್ತು.

ನಾನು ಚಾಚಾರ ಜುಬ್ಬ ಹಿಡಿದೆಳೆದೆ. ‘ಚಾಚಾ, ಇದ್ಯಾಕ ಹಿಂಗೆ?’

‘ಯಾಕಂದ್ರೆ?’ ಚಾಚಾ ಹೆಮ್ಮೆಯಿಂದ ನಗುತ್ತಿದ್ದರು. ‘ನೀನೇ ಹೇಳಿದ್ಯಲ್ಲ ಬೇಟಾ, ಭಾರದ ಇಸ್ಟೂಲು ಅಂತ. ಅದಕ್ಕೇ ಪ್ರೆಸ್ಸಿನ ತಿರುಪು ಹಾಕೀನಿ. ಭಾರ ಬಿತ್ತು, ಇಳೀತು. ನಾನು ಕಬ್ಬಿಣ ಬಡಿಯೋ ಅಡಿಗಲ್ಲು ಇಟ್ಟು ನೋಡೀನಿ, ಫಸ್ಟ್ ಕ್ಲಾಸ್ ಇಳೀತು.’

ಮಾಮೂಲಿ ತಿರುಪು ನಾವು ತಿರುಗಿಸಿದರಷ್ಟೇ ಇಳಿಯುತ್ತದೆ. ಪ್ರೆಸ್ಸಿನ ತಿರುಪು ಹಾಗಲ್ಲ, ಮೇಲೆ ಭಾರ ಬಿದ್ದರೆ ತಾನೇ ಸುತ್ತುತ್ತಾ ಕೆಳಗಿಳಿಯುತ್ತದೆ. ಭಾರದಿಂದ ನಡೆಯುವ ಸ್ಟೂಲು ಎಂದುಕೊಂಡು ಚಾಚಾ ಮನಸ್ಸಿಟ್ಟು ಅದನ್ನೇ ಮಾಡಿದ್ದರು. ನಾನು ಸೀಳಿದ ಹೊಟ್ಟೆ ನನ್ನ ಕುತ್ತಿಗೆಗೇ ಬಂದಿತ್ತು. ಅವರನ್ನು ಬೈಯಲೂ ಬಾಯಿರಲಿಲ್ಲ. ನನಗೆ ಅಳು ಬಂತು, ನಿಜವಾಗಿ.

ಅಷ್ಟರಲ್ಲಿ ನಾಲ್ಕು ಜನ ಮಾವನ ರಟ್ಟೆಗೆ ಕೈ ಹಾಕಿ ಎಬ್ಬಿಸಲು ನೋಡಿದರು. ‘ಮಂಡೀ! ಮಂಡೀ!’ ಎಂದು ಮಾವ ಕೂಗಿದರು. ದೂರದಲ್ಲಿದ್ದವರು ಮಂಡಕ್ಕಿ ಹಂಚುತ್ತಿದ್ದಾರೆ ಎಂದು ಮುಂದೆ ನುಗ್ಗಿದರು. ಅವ್ವ ‘ಅಣ್ಣಾ’ ಎಂದು ಅಳತೊಡಗಿದಳು.

‘ಎತ್ತಬ್ಯಾಡ್ರಿ!’ ಎಂದು ನಾನು ಕಿರುಚಿದೆ. ಬಲಕ್ಕೆ ತಿರುಗಿ ಇಳಿದದ್ದು ಎಡಕ್ಕೆ ತಿರುಗಿದರೆ ಏರಲೇಬೇಕಲ್ಲ. ನಾನೂ ಚಾಚಾನೂ ಸೀಟಿನ ಅಂಚಿಗೆ ಕೈ ಹಾಕಿ, ಗಾಣ ತಿರುಗಿಸಿದಂತೆ ಮಾವನನ್ನು ಎಡಕ್ಕೆ ನೂಕಿದೆವು. ಒಂದು ಸುತ್ತು. ಮಾವನ ವಿಭೂತಿ ಮೇಲೆ ಬಂತು. ಎರಡು ಸುತ್ತು. ಮೂಗು, ಮೀಸೆ ಬಂದವು. ಮೂರು. ಮಾವ ಈಗ ಕೈ ಮುಗಿಯುತ್ತಿರಲಿಲ್ಲ, ಟವೆಲನ್ನು ಬಿಗಿಯಾಗಿ ಹಿಡಿದಿದ್ದರು. ನಾಲ್ಕು. ಮಂಡಿ ನೆಟ್ಟಗಾಯಿತು, ಕಾಲು ಬಳೆಯಿಂದ ನೆಲಕ್ಕಿಳಿಯಿತು. ಮಾವ ಒಂದು ಹೆಜ್ಜೆ ಮುಂದಿಟ್ಟು ನಿಂತರು. ಕೂಗಲಿಲ್ಲ. ನಾಯಿಗಳೂ ಬರಲಿಲ್ಲ.

ನಾನು ತಲೆ ತಗ್ಗಿಸಿ ನಿಂತೆ. ಮಾವ ಸ್ಟೂಲನ್ನು ನೋಡಿದರು, ಮಂಡಿ ಮುಟ್ಟಿ ನೋಡಿಕೊಂಡರು, ನನ್ನನ್ನು ನೋಡಿದರು.

‘ಇನ್ನೊಂದ್ಸಲ’ ಎಂದರು.

ಇನ್ನೊಂದು ಸಲ ಇಳಿದರು. ಏರಿಸಿದೆವು. ಮತ್ತೊಂದು ಸಲ ಎಂದರು. ಆ ದಿನ ಮಾವ ಮೂರು ಸಲ ದಾವಣಗೆರೆಯ ನಾಲ್ಕೂ ದಿಕ್ಕಿಗೆ ಕೈ ಮುಗಿದು ಇಳಿದರು. ಮೂರನೆಯ ಸಲ ಕೆಳಗೆ ಕೂತಾಗ ಐಸ್‌ಕ್ರೀಮು ತರಿಸಿಕೊಂಡು ಕೂತೇ ತಿಂದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, ‘ನಮ್ಮಣ್ಣ ಕುಂತು ಉಂಡಿದ್ದು ನೋಡಿ ಎಂಟು ವರ್ಷಾತು’ ಎಂದು ಕಂಡವರಿಗೆಲ್ಲ ಹೇಳಿದಳು.

ಕೊಟ್ರೇಶಪ್ಪನವರಿಗೆ ಮಾತ್ರ ಇದು ಸರಿಬರಲಿಲ್ಲ. ‘ಐಸ್‌ಕ್ರೀಂ ಬಾಯಿಗೆ ಇಡಾದ್ರೊಳಗೆ ಗಿರಾಕಿ ಮುಖ ಆ ಕಡೆ ಹೋದ್ರೆ ಹೆಂಗಪಾ?’ ಎಂದರು. ಚಾಚಾ ಐದು ಸ್ಟೂಲುಗಳ ತಿರುಪಿಗೆ ವೆಲ್ಡಿಂಗ್ ಹೊಡೆದು ಅಲುಗದಂತೆ ಮಾಡಿಕೊಟ್ಟರು. ಆರನೆಯದನ್ನು ಮಾವ ಯಾರಿಗೂ ಮುಟ್ಟಗೊಡದೆ ಸೈಕಲ್ ರಿಕ್ಷಾದಲ್ಲಿ ಹಾಕಿಸಿಕೊಂಡು, ಅದರ ಪಕ್ಕದಲ್ಲೇ ನಡೆದುಕೊಂಡು ಅಂಗಡಿಗೆ ಹೋದರು.

ಹೋಗುವ ಮೊದಲು ನನ್ನನ್ನು ಕರೆದರು. ‘ಲೇ ಕುಳ್ಳ, ನಿನ್ನ ಅಂಗಡಿಗೆ ಕರದಿದ್ದು ನೀ ಕೂಡ್ರಲಿ ಅಂತ ಅಲ್ಲೋ, ನನಗೆ ಕೂಡ್ರಾಕೆ ಆಗ್ತಿರಲಿಲ್ಲ ಅಂತ. ಈಗ ನಾನೇ ಕೂಡ್ರತೀನಿ. ನೀ ಹರಿಹರದಾಗೇ ಇರು. ಸಂಜಿಮುಂದ ಬಸ್ ಇಳಿದಮ್ಯಾಲೆ ಬಂದು ನನ್ನ ಎತ್ತಿ ಹೋಗು, ಸಾಕು.’

ಮರುದಿನ ಸಂಜೆ ಹರಿಹರದಿಂದ ಬಂದವನೇ ಅಂಗಡಿಗೆ ಹೋದೆ. ಭಟ್ಟಿಯ ಕಡೆಯಿಂದ ಬಿಸಿ ಗಾಳಿ, ಹೊಗೆ, ಹುರಿದ ಮಂಡಕ್ಕಿಯ ವಾಸನೆ. ಮಾವ ತಳಕ್ಕಿಳಿದ ಸ್ಟೂಲಿನಲ್ಲಿ ಕಾಲು ಚಾಚದೆ, ಕೈ ಕಟ್ಟದೆ, ಸುಮ್ಮನೆ ಕೂತು ಬೀದಿ ನೋಡುತ್ತಿದ್ದರು. ಇಷ್ಟು ವರ್ಷ ನಾನು ಕಂಡ ಮಾವ ಯಾವಾಗಲೂ ಎಲ್ಲಿಗೋ ಹೊರಟವರಂತೆ ಇದ್ದರು. ಇವತ್ತು ಮನೆಗೆ ಬಂದು ಮುಟ್ಟಿದವರಂತೆ ಕಂಡರು. ನನಗೆ ಖುಷಿಯೂ ಆಯಿತು, ಇವರ ಮೇಲೆ ಇಷ್ಟು ದಿನ ಸಿಟ್ಟು ಮಾಡಿಕೊಂಡೆನಲ್ಲ ಎಂದು ನಾಚಿಕೆಯೂ ಆಯಿತು. ತೋಳು ಮಡಚಿ, ಸೀಟಿನ ಅಂಚಿಗೆ ಕೈ ಹಾಕಿದೆ.

‘ಎತ್ತಲಾ ಮಾವಾ?’

‘ತಡಿಯಪಾ’ ಎಂದರು ಮಾವ. ‘ಎಂಟು ವರ್ಷ ನಿಂತೀನಿ. ಇನ್ನೊಂದೀಟು ಕೂಡ್ರತೀನಿ.’

ಸುತ್ತ ನೋಡಿದೆ. ಯಜಮಾನರೇ ನಿಲ್ಲುವ ಅಂಗಡಿಯಲ್ಲಿ ಬೇರೆ ಕುರ್ಚಿ ಎಲ್ಲಿಂದ ಬರಬೇಕು? ಒಂದು ಮಂಡಕ್ಕಿ ಮೂಟೆ ಎಳೆದುಕೊಂಡು ಅವರ ಪಕ್ಕದಲ್ಲಿ ನಾನೂ ಕೂತೆ.